ಸ್ಪೇಸ್ ಬಾರ್ ಮೇಲೆ ಬಲಗೈ

ನಮ್ಮನೆಯವರಿಗೆ ಲಕ್ವ ಹೊಡೆದು, ಆಸ್ಪತ್ರೆ ಮುಗಿಸಿ ಕಡೂರಿನ ಮನೆಗೆ ಕರೆತಂದ ಮೇಲೆ ನನ್ನ ಜಗಳವೆಲ್ಲ ಅವರ ಬಲಗೈ ಜೊತೆಗೇ. ಕಾಲು ಎಳೆದುಕೊಂಡಾದರೂ ನಡೆಯುತ್ತಿತ್ತು. ಮಾತು ತೊದಲಿದರೂ ಬರುತ್ತಿತ್ತು. ಕೈ ಮಾತ್ರ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಭುಜದಿಂದ ನೇತಾಡುತ್ತಿತ್ತು.

ಬರೀ ಕೈಯಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜೆ ಮಾಡುತ್ತೇವೆ. ಪೂಜೆಯಾಗದೆ ಅವರು ಒಂದು ಲೋಟ ಕಾಫಿ ಕುಡಿದದ್ದನ್ನು ಮದುವೆಯಾದ ದಿನದಿಂದ ನಾನು ನೋಡಿಲ್ಲ. ತೆಂಗಿನಕಾಯಿ ವ್ಯಾಪಾರಕ್ಕೆ ಯಗಟಿ, ಪಂಚನಹಳ್ಳಿ ಕಡೆ ಮೊದಲ ಬಸ್ಸು ಹಿಡಿಯಬೇಕಾದಾಗಲೂ ಸ್ನಾನ, ಪೂಜೆ, ಆಮೇಲೇ ರೊಟ್ಟಿ. ಈಗ ಲಿಂಗ ಹಿಡಿಯಲು ಎಡಗೈ ಇದೆ, ವಿಭೂತಿ ಹಚ್ಚಲು ಬಲಗೈ ಇಲ್ಲ. ಪೂಜೆ ಇಲ್ಲ, ಹಾಗಾಗಿ ಊಟವೂ ಇಲ್ಲ. ಮಾತ್ರೆ ನುಂಗಬೇಕಲ್ಲ ಅಂತ ಎರಡು ಹೊತ್ತು ರಾಗಿ ಗಂಜಿ ಕುಡಿಯುತ್ತಿದ್ದರು. ಅದು ಔಷಧಿ ಲೆಕ್ಕವಂತೆ.

"ನೀವು ಲಿಂಗ ಹಿಡ್ಕಂಡು ಕೂತ್ಕಳಿ, ಮಿಕ್ಕಿದ್ದು ನಾನು ಮಾಡ್ತೀನಿ ಕಣ್ರೀ," ಅಂದೆ.

"ನನ್ ಪೂಜೆ ನೀನ್ ಮಾಡೋಕಾಗುತ್ತೇನೇ? ನನ್ ಹಸಿವು ನೀನ್ ಉಣ್ತೀಯಾ?"

ಮಠದ ಗುರುಗಳೇ ಮನೆಗೆ ಬಂದು, ಕಾಯಿಲೆಯಲ್ಲಿ ಮನಸ್ಸಿನಲ್ಲೇ ಮಾಡಿದರೂ ಸಲ್ಲುತ್ತದೆ ಅಂದರು. ಇವರು ತಲೆಯಾಡಿಸಿದರು. ಗುರುಗಳು ಗೇಟು ದಾಟಿದ್ದೇ ತಡ, ತಟ್ಟೆ ಪಕ್ಕಕ್ಕೆ ಸರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮನೆಯಲ್ಲಿ ಪೂಜಾರಿಯೂ ಅವರೇ, ಉಪವಾಸವೂ ಅವರದೇ. ಕತ್ತಿನ ಮೂಳೆ ಎದ್ದು ಕಾಣತೊಡಗಿತು, ಅಂಗಿ ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಈ ಮನುಷ್ಯ ಹಠದಲ್ಲೇ ಸತ್ತುಹೋಗುತ್ತಾರೆ ಅಂತ ನನಗೆ ಹೆದರಿಕೆ. ಹೆದರಿಕೆಯಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ತರೀಕೆರೆಯಿಂದ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ, ಆ ಕೈಗೆ ಏನಾದರೂ ಕೆಲಸ ಕೊಡುತ್ತಿರಿ ಅಂತ ಒಂದು ಮೆತ್ತನೆ ಚೆಂಡು ಕೊಟ್ಟು ಹೋದಳು. ಇವರು ಅದನ್ನು ಎಡಗೈಯಲ್ಲಿ ಅಂಗಳಕ್ಕೆಸೆದರು. ಆಗ ನನಗೆ ಹೊಳೆದದ್ದು ರಾಕೆಟ್ ಆಟ. ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗುರುತ್ವದ ಪಾಠಕ್ಕೆ ಬೇಕಾದೀತು ಅಂತ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೆ. ರಾಕೆಟ್ ಕಟ್ಟಿ ಹಾರಿಸಿ, ಭೂಮಿಯನ್ನು ಸುತ್ತುವ ಕಕ್ಷೆಗೆ ಸೇರಿಸಬೇಕು. ದಾರಿ ತೋರಿಸುವ ಗೆರೆ, ತಾನೇ ನಡೆಸುವ ಯಂತ್ರ ಎಲ್ಲ ಆಟದಲ್ಲಿ ಮುಂದೆ ಗಳಿಸುವಂಥವು. ನಮಗಿದ್ದದ್ದು ಎರಡು ಹಂತದ ಒಂದು ಬಡ ರಾಕೆಟ್ಟು, ಅದರ ತುದಿಯಲ್ಲಿ ಕೂತ ಒಬ್ಬ ಪುಟ್ಟ ಗಗನಯಾತ್ರಿ, ಎತ್ತರದ ಅಂಕಿ, ಏರುವ ವೇಗದ ಮುಳ್ಳು, ದಿಕ್ಕು ತೋರಿಸುವ ಒಂದು ಗೋಳ. ಅಷ್ಟೇ.

"ನಾನು ತಿರುಗಿಸ್ತೀನಿ, ನೀವು ಸ್ಪೇಸ್ ಬಾರ್ ಒತ್ತಿ," ಅಂದೆ. ಒಮ್ಮೆ ಒತ್ತಿದರೆ ರಾಕೆಟ್ ಹೊರಡುತ್ತದೆ. ಕೆಳಗಿನ ಹಂತ ಬರಿದಾಗಿ, ಅದೇ ಬೀಸಿನಲ್ಲಿ ಮೇಲೆ ತೇಲಿ ತುದಿ ಮುಟ್ಟುವಾಗ ಇನ್ನೊಮ್ಮೆ ಒತ್ತಿದರೆ, ಖಾಲಿ ಹಂತ ಕಳಚಿ ಮೇಲಿನ ಎಂಜಿನ್ ಹೊತ್ತಿಕೊಳ್ಳುತ್ತದೆ. ಮೂರನೇ ಸಲ ಒತ್ತಿದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ಅದನ್ನು ಮಾತ್ರ ಒತ್ತಬಾರದು.

ಅವರು ಎಡಗೈ ಚಾಚಿದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ನಿಮ್ಮ ಶಿವನಿಗೆ ಎಡಗೈ ಆಗಲ್ಲ ಅಂದ್ರೆ ನನ್ನ ರಾಕೆಟ್ಟಿಗೂ ಆಗಲ್ಲ."

ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ಎತ್ತಿ, ದಪ್ಪನೆ ಕೀಲಿಯ ಮೇಲೆ ಬಿಟ್ಟರು. ರಾಕೆಟ್ ಹೊರಟೇಬಿಟ್ಟಿತು.

"ಇದು ಎಡಗೈ ಕೆಲಸ ಕಣ್ರೀ, ಮೋಸ."

"ಬಿದ್ದಿದ್ ಯಾವ್ ಕೈ?" ಅಂದರು.

ಹೋಗಲಿ, ಕೈ ಅಲುಗಾಡಿದರೆ ಸಾಕು ಅಂತ ಒಪ್ಪಿದೆ. ಅಲ್ಲಿಂದ ದಿನಾ ಸಂಜೆ ನಮ್ಮ ರಾಕೆಟ್ಟುಗಳು ಸಮುದ್ರಕ್ಕೆ ಬೀಳತೊಡಗಿದವು. ನಾನು ಬೇಗ ವಾಲಿಸಿದರೆ ಗಾಳಿಗೆ ಪಲ್ಟಿ ಹೊಡೆಯುವುದು. ತಡವಾಗಿ ವಾಲಿಸಿದರೆ ಸೀದಾ ಹೋಗಿ ಸೀದಾ ಬರುವುದು. ಇಂಧನದ ಹಸಿರು ಪಟ್ಟಿ ಇಳಿಯುವುದನ್ನು ನೋಡಿ, "ಎಳನೀರು ಕುಡ್ದಂಗೆ ಖಾಲಿ ಆಯ್ತಲ್ಲೇ," ಅನ್ನುತ್ತಿದ್ದರು. ಒಮ್ಮೆಯಂತೂ ಎಲ್ಲ ಸರಿಹೋಗಿ, ಮೇಲಿನ ಎಂಜಿನ್ನೂ ಹೊತ್ತಿಕೊಂಡಿತ್ತು. ಇನ್ನೇನು ಅನ್ನುವಾಗ ಆ ಕೈ ಜಾರಿ ಮತ್ತೆ ಕೀಲಿಗೆ ಬಡಿದು, ಪ್ಯಾರಾಚೂಟ್ ಈಚೆ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರು ಆ ಕೈಯನ್ನು ಎಡಗೈಯಿಂದ ಹೊಡೆದುಕೊಂಡರು, ಒಂದಲ್ಲ, ನಾಲ್ಕೈದು ಸಲ. ನಾನು ತಡೆಯಬೇಕಾಯಿತು.

ಇನ್ನೊಂದು ಸಂಜೆ ಕೇಳಿದರು, "ಮೇಲೆ ಹೋದ್ಮೇಲೆ ಬೀಳಲ್ವಾ?"

"ಬೀಳ್ತಾನೇ ಇರುತ್ತೆ. ಪಕ್ಕಕ್ಕೆ ಓಡೋ ಜೋರಿಗೆ ನೆಲ ಸಿಗಲ್ಲ, ಅಷ್ಟೇ."

"ನನ್ನಂಗೆ," ಅಂದರು.

ನಾನು ಎದ್ದು ಗಂಜಿ ಕಾಯಿಸಲು ಹೋದೆ. ಅಲ್ಲಿದ್ದರೆ ಏನಾದರೂ ಕೆಟ್ಟದ್ದು ಅಂದುಬಿಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಮಾಡಿ, ಎಂದಿನಂತೆ ಅವರ ಮುಂದೆ ಒಂದು ತಟ್ಟೆ ಇಟ್ಟೆ. ಎಂದಿನಂತೆ ಅವರು ಅದನ್ನು ಸರಿಸಿದರು. ಸಿಟ್ಟಿನಲ್ಲಿ ತಟ್ಟೆ ಇದ್ದ ಜಾಗಕ್ಕೆ ಲ್ಯಾಪ್‌ಟಾಪ್ ಇಟ್ಟೆ. ಅವರು ಕೈ ಎತ್ತಿ ಬಿಟ್ಟರು, ರಾಕೆಟ್ ಎದ್ದಿತು. ಮೆಲ್ಲಗೆ, ಮಗುವಿನ ತಲೆ ಒರಗಿಸುವ ಹಾಗೆ ಪೂರ್ವಕ್ಕೆ ವಾಲಿಸಿದೆ. ಕೆಳಗಿನ ಹಂತ ಮುಗಿಯಿತು. ಸದ್ದಿಲ್ಲದೆ ತೇಲುತ್ತಾ ಹೋಯಿತು. ಏರುವ ವೇಗದ ಮುಳ್ಳು ಸೊನ್ನೆಗೆ ಇಳಿಯುತ್ತಿತ್ತು, ಅವರು ಕೈಯನ್ನು ಕೀಲಿಯ ಮೇಲ್ಗಡೆ ಹಿಡಿದುಕೊಂಡು ಕಾಯುತ್ತಿದ್ದರು.

"ಈಗ," ಅಂದೆ. ಕೈ ಬಿತ್ತು. ತಕ್ಷಣ ಅದನ್ನು ಎತ್ತಿಕೊಂಡು ಎದೆಗೆ ಒತ್ತಿ ಹಿಡಿದರು, ಜಾರದಂತೆ.

ಎಂಜಿನ್ ಉರಿದು, ಉರಿದು, ಆರಿತು. ನೀವು ಗೆದ್ದಿರಿ ಅಂತ ಹೇಳುವವರು ಯಾರೂ ಇಲ್ಲ. ಎತ್ತರದ ಅಂಕಿ ನೋಡುತ್ತಾ ಕೂತೆವು. ಅದು ಸ್ವಲ್ಪ ಇಳಿಯಿತು. ಇನ್ನೂ ಸ್ವಲ್ಪ ಇಳಿದು, ನಿಂತು, ಮತ್ತೆ ಏರಿತು. ಕೆಳಗೆ ಕಡಲು ಹೋಗಿ ನೆಲ ಬಂತು, ನೆಲ ಹೋಗಿ ಕತ್ತಲೆ ಬಂತು, ಹೊರಟ ಜಾಗವೇ ಮತ್ತೆ ಬಂತು.

"ಆಯ್ತಾ?"

"ಆಯ್ತು ಕಣ್ರೀ!"

ಅವರು ನಗಲಿಲ್ಲ. "ಇಳ್ಸೋದು ಹೆಂಗೆ?" ಅಂದರು.

"ಇಂಧನ ಇಲ್ಲ. ಸುತ್ತುತ್ತಾ ಇರ್ತಾನೆ."

"ಅವನಿಗ್ ಊಟ?"

ಇಷ್ಟು ದಿನ ತಡೆದದ್ದು ಆಗ ಕಟ್ಟೆಯೊಡೆಯಿತು. "ಅವನ ಊಟದ ಚಿಂತೆ ನಿಮಗೆ! ಇಲ್ಲಿ ನಿಮ್ಮೆದುರಿಗೇ ಆರ್ತಾ ಇರೋ ತಟ್ಟೆ ಕಾಣಲ್ವಾ? ಈಗ ಹೇಳಿ, ಬಿದ್ದಿದ್ದು ಯಾವ ಕೈ? ಎತ್ತಿದ್ದು ಎಡಗೈ ಆದ್ರೂ ಹಾರಿಸ್ದೋರು ನೀವೇ ತಾನೆ? ಎಡಗೈ ಲಿಂಗ ಹಿಡ್ಕಂಡಿರ್ಲಿ. ಬಲಗೈ ಎತ್ತೋಕೆ ನಾನಿಲ್ವಾ? ಪೂಜೆ ನಾನು ಮಾಡಲ್ಲ ಕಣ್ರೀ. ಎತ್ತುತ್ತೀನಿ, ಅಷ್ಟೇ."

ಅವರು ಎಡಗೈಯಿಂದ ಲ್ಯಾಪ್‌ಟಾಪ್ ಮುಚ್ಚಿದರು. "ನೀರ್ ಕಾಯ್ಸು," ಅಂದರು.

ಸ್ನಾನ ಮಾಡಿಸಿ ಮಣೆಯ ಮೇಲೆ ಕೂರಿಸಿದೆ. ಎಡ ಅಂಗೈಯಲ್ಲಿ ಲಿಂಗ ಕೂತಿತು. ನಾನು ಬಲಗೈ ಮಣಿಕಟ್ಟು ಹಿಡಿದು ಎತ್ತಿದೆ. ಇಷ್ಟು ಸೊರಗಿದ ಮನುಷ್ಯನ ಕೈ ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಬೆರಳನ್ನು ವಿಭೂತಿಗೆ ತಾಗಿಸಿ ಲಿಂಗದ ಹತ್ತಿರ ತಂದೆ. ಗೆರೆ ಸೊಟ್ಟಗಾಯಿತು. ಪತ್ರೆಯನ್ನು ಆ ಬೆರಳುಗಳು ಹಿಡಿಯಲಿಲ್ಲ. ನಾನೇ ಏರಿಸಲು ಹೋದೆ.

"ನೀನಲ್ಲ," ಅಂದರು, ಕಣ್ಣು ಮುಚ್ಚಿಕೊಂಡೇ.

ಅವರ ಎರಡು ಬೆರಳ ನಡುವೆ ಪತ್ರೆ ಸಿಕ್ಕಿಸಿ, ಹೊರಗಿನಿಂದ ಒತ್ತಿ ಹಿಡಿದು ಏರಿಸಿದೆ. ಅವರ ತುಟಿ ಅಲ್ಲಾಡುತ್ತಿತ್ತು.

ಆ ಕೈ ಇವತ್ತಿಗೂ ಬಂದಿಲ್ಲ, ಬರುವ ಹಾಗೆ ಕಾಣುವುದೂ ಇಲ್ಲ. ಅಜ್ಜಂಪುರದ ಬಸ್ಸಿಗೆ ಮುಂಚೆ ದಿನಾ ನಾನದನ್ನು ಎತ್ತುತ್ತೇನೆ. ಅವತ್ತು ಉಪ್ಪಿಟ್ಟಿಗೂ ಎತ್ತಿದೆ. ತಣ್ಣಗಾಗಿ ಗಟ್ಟಿಯಾಗಿದ್ದ ಮೊದಲ ತುತ್ತನ್ನು ಅವರು ಬಹಳ ಹೊತ್ತು ಅಗಿದರು.

"ಉಪ್ಪು ಕಮ್ಮಿ ಕಣೇ," ಅಂದರು.

ಇಂಥ ಮಾತಿಗೆ ಯಾವತ್ತೂ ನಾಲ್ಕು ಮಾತು ತಿರುಗಿಸುವವಳು, ಅವತ್ತು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಹಿಡಿದುಕೊಂಡು ಅತ್ತೆ.