ಕೆಂದಿ ಸೇತುವೆ ದಾಟಿದ ಚಳಿಗಾಲ

ಆಗ ನಮ್ಮ ದೇವಾಪುರದ ಕಡೆಗೆ ಕಾಲುವೆಯ ನೀರು ಹೊಸದಾಗಿ ಬಂದಿತ್ತು. ಆ ಸೀಮೆಯಲ್ಲಿ ಬೆಳೆದವರಿಗೆ ನೆನಪಿರಬಹುದು, ನೀರು ಬಿಟ್ಟ ದಿನ ದೊಡ್ಡವರೆಲ್ಲ ಏರಿಯ ಮೇಲೆ ನಿಂತು ಕಾಯಿ ಒಡೆದರೆ ನಾವು ಮಕ್ಕಳು ಹರಿದು ಬರುವ ನೀರಿನ ಜೊತೆಗೇ ಓಡಿದ್ದೆವು. ಜೋಳ, ತೊಗರಿ ಬೆಳೆಯುತ್ತಿದ್ದ ಕರಿ ನೆಲಕ್ಕೆ ಭತ್ತ ಬಂತು. ಊರಿಗೆಲ್ಲ ಖುಷಿಯೋ ಖುಷಿ. ಕುರಿ ಸಾಕಿದವರಿಗೆ ಮಾತ್ರ ತಲೆನೋವು. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮೇಯುತ್ತದೆ, ಕೆಸರಿನ ಗದ್ದೆಯಲ್ಲಿ ಏನು ಮೇಯಬೇಕು? ಹೀಗಾಗಿ ದೀಪಾವಳಿ ಮುಗಿಯಿತೆಂದರೆ ನಮ್ಮ ಓಣಿಯವರೆಲ್ಲ ಹಿಂಡು ಹೊಡೆದುಕೊಂಡು ಗುರುಮಠಕಲ್ಲಿನ ಆಚೆಗೆ, ಒಣ ನೆಲ ಹುಡುಕಿಕೊಂಡು ಹೋಗತೊಡಗಿದರು.

ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ ಅಪ್ಪ ಗಂಟುಮೂಟೆ ಹೊರಲೆಂದು ಕುದುರೆಯೊಂದನ್ನು ತಂದ. ವಿಜಾಪುರದ ಕಡೆಯ ಕುರಿಗಾರರಿಂದ ಕೊಂಡ ಗಿಡ್ಡ ಹೆಣ್ಣು ಕುದುರೆ. ಮೈಬಣ್ಣ ನೋಡಿ ಕೆಂದಿ ಎಂದು ಹೆಸರಿಟ್ಟೆವು. ನೋಡಲು ಲಕ್ಷಣವಾಗಿತ್ತು, ಆದರೆ ಎಲೆ ಅಲುಗಿದರೂ ಬೆಚ್ಚುವ ಪ್ರಾಣಿ. ನನಗೋ ಅದರ ಮೇಲೆ ಕೂತು ಓಣಿಯಲ್ಲಿ ಮೆರೆಯುವ ಆಸೆ. ಮೊದಲ ಸಲ ಕೂತಾಗ ಕಾಲುವೆಯ ನೀರು ಬಿಸಿಲಿಗೆ ಥಳಥಳ ಹೊಳೆದದ್ದೇ ಸಾಕಾಯಿತು, ಕೆಂದಿ ಪಕ್ಕಕ್ಕೆ ಜಿಗಿಯಿತು, ನಾನು ಏರಿಯ ಮಣ್ಣಿನಲ್ಲಿ ಉರುಳಿದೆ. ಅಷ್ಟಕ್ಕೇ ಬುದ್ಧಿ ಬರಲಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಹತ್ತಿದೆ. ಈ ಸಲ ಕಾಲುವೆಯ ಸೇತುವೆ ಮೇಲೆ, ಕೆಳಗೆ ನೀರು ಭೋರಿಡುವ ಸದ್ದಿಗೆ ಕೆಂದಿ ಮುಂಗಾಲು ಎತ್ತಿತು. ಎಡಗೈ ಮುರಿಯಿತು. ಎಲುಬು ಕಟ್ಟುವ ಅಜ್ಜನ ಹತ್ತಿರ ಕರೆದೊಯ್ದರು. ಆತ ಬಿದಿರಿನ ದಬ್ಬೆ ಇಟ್ಟು, ಕೋಳಿ ತತ್ತಿಯ ಲೋಳೆ ಬಳಿದು ಕಟ್ಟು ಹಾಕಿದ. ಆ ನಾತಕ್ಕೆ ಬೆಕ್ಕೊಂದು ನನ್ನ ಹಿಂದೆಯೇ ತಿರುಗುತ್ತಿತ್ತು.

ಅಷ್ಟರಲ್ಲಿ ಹಿಂಡು ಹೊರಡುವ ದಿನ ಬಂತು. ಕೆಂದಿ ಸೇತುವೆಯ ಹತ್ತಿರ ಬಂದು ನಿಂತೇಬಿಟ್ಟಿತು. ಅಪ್ಪ ಎಳೆದ, ಬೈದ, ಕೊನೆಗೆ ಹೊಡೆದ. ಅದು ನಡುಗುತ್ತಾ ನಿಂತಿತೇ ಹೊರತು ಒಂದು ಹೆಜ್ಜೆ ಮುಂದಿಡಲಿಲ್ಲ. ಅಪ್ಪ ಸಿಟ್ಟಿನಲ್ಲಿ ಸಾಮಾನು ಇಳಿಸಿ ಕಾಕಾನ ಕುದುರೆಗೆ ಹೇರಿದ. ಅವ್ವ ಸಣ್ಣ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಹೊರಟು ನಿಂತಿದ್ದಳು. ಮುರಿದ ಕೈ ನೇತುಹಾಕಿಕೊಂಡು ನಾನು ಅಪ್ಪನ ಧೋತರ ಹಿಡಿದು ಅತ್ತೆ.

“ನಾನೂ ಬರ್ತೀನಿ, ಅಪ್ಪಾ.”

“ಕೈ ಮುರಕೊಂಡು ಎಲ್ಲಿ ಬರ್ತಿ ನೀಲಿ? ಆಯಿ ಕೂಡ ಇರು. ಮದ್ಲ ಆ ಕುದುರಿ ಮ್ಯಾಲ ನೆಟ್ಟಗ ಕುಂದರೂದು ಕಲಿ. ಶಿವರಾತ್ರಿಗಿ ಬರ್ತೀನಿ. ಕುಂತು ತೋರಿಸಿದಿ ಅಂದ್ರ ನಿನ್ನ ಕರಕೊಂಡೇ ಹೋಗ್ತೀನಿ, ಸುಮ್ನಿರು.”

ನಾನು ಧೋತರ ಬಿಟ್ಟೆ. ಹಿಂಡು ಎಬ್ಬಿಸಿದ ದೂಳು ಇಳಿಯುವವರೆಗೂ ಕೆಂದಿ ಮತ್ತು ನಾನು ಸೇತುವೆಯ ಈಚೆಗೆ ನಿಂತಿದ್ದೆವು.

ಆ ಚಳಿಗಾಲ ನಮ್ಮ ಓಣಿಯಲ್ಲಿ ಮನೆಗಳಿಗಿಂತ ಬೀಗಗಳೇ ಎದ್ದು ಕಾಣುತ್ತಿದ್ದವು. ಉಳಿದವರೆಂದರೆ ಮುದುಕರು, ನಾಯಿಗಳು, ಮತ್ತು ನಾನು. ಬೇರೆ ಓಣಿಯ ಹುಡುಗಿಯರು ಗುಡಿಯ ಕಟ್ಟೆಯ ಮೇಲೆ ಆಣೆಕಲ್ಲು ಆಡುತ್ತಿದ್ದರು. ಎಡಚಿಯಾದ ನನಗೆ ಬಲಗೈಯಿಂದ ಕಲ್ಲು ಹಾರಿಸಿ ಹಿಡಿಯಲು ಬರುತ್ತಿರಲಿಲ್ಲ. ಎರಡು ದಿನ ಕೂತು ನೋಡಿದೆ, ಆಮೇಲೆ ಅವರೂ ಕರೆಯಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಬೆಳಗಾದರೆ ಯಾರದೋ ಗದ್ದೆಗೆ ಕಳೆ ತೆಗೆಯಲು ಹೋಗುತ್ತಿದ್ದಳು. ಬರುವಾಗ ಅವಳ ಸೀರೆಯಿಂದ ಕೆಸರಿನ ವಾಸನೆ ಬರುತ್ತಿತ್ತು. ನಾನು ಸಂಜೆ ಸಾಲಿ ಬಿಟ್ಟ ಮೇಲೆ ಬಂದು, ಮುಚ್ಚಿಟ್ಟ ಕಟಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು, ಹಿತ್ತಲಲ್ಲಿ ಕೆಂದಿಯ ಎದುರಿಗೆ ಕೂತು ತಿನ್ನುತ್ತಿದ್ದೆ. ಅವ್ವ ಈಗ ಎಲ್ಲಿ ಒಲೆ ಹೂಡಿರಬಹುದು, ತಮ್ಮ ನಡೆಯಲು ಕಲಿತನೇ, ಎಲ್ಲವನ್ನೂ ಅದಕ್ಕೇ ಹೇಳುವುದು.

ಆಯಿಗೆ ನಗು. “ಅಲ್ಲ, ನನಗ ಕಿವಿ ಮಂದ ಅಂತ ಕುದುರಿ ಕೂಡ ಮಾತಾಡ್ತಿಯೇನವಾ? ಅದು ಏನ್ ಅಂತದ?”

“ಏನೂ ಅನ್ನಂಗಿಲ್ಲ.”

“ಪುಕ್ಕಲಿಗಿ ಪುಕ್ಕಲಿ ಜೊತಿ. ಚಲೋ ಆತು ಬಿಡು!”

ಪುಕ್ಕಲಿ ಎನ್ನುವುದು ಸುಳ್ಳಾಗಿರಲಿಲ್ಲ. ಕಟ್ಟು ಬಿಚ್ಚಿದ ಮೇಲೂ ಕೆಂದಿಯನ್ನು ಹತ್ತಲು ಆಗುತ್ತಿರಲಿಲ್ಲ. ಕಟ್ಟೆಯ ಪಕ್ಕ ನಿಲ್ಲಿಸಿ, ಬೆನ್ನ ಮೇಲೆ ಕೈ ಇಟ್ಟವಳು ಅಷ್ಟಕ್ಕೇ ನಿಲ್ಲುತ್ತಿದ್ದೆ. ಅದರ ಚರ್ಮವೂ ನನ್ನ ಕೈಯ ಕೆಳಗೆ ಪಟಪಟ ಅದುರುತ್ತಿತ್ತು. ಒಬ್ಬರ ಹೆದರಿಕೆ ಇನ್ನೊಬ್ಬರಿಗೆ ದಾಟುತ್ತಿತ್ತು, ಅಷ್ಟೇ. ಒಂದು ದಿನ ಧೈರ್ಯ ಮಾಡಿ ಹತ್ತಿ ಕೂತವಳು ಅದು ಒಮ್ಮೆ ಕಿವಿ ನಿಮಿರಿಸಿದ್ದಕ್ಕೇ ಇಳಿದು ಓಡಿದೆ. ಶಿವರಾತ್ರಿ ಹತ್ತಿರವಾಗುತ್ತಿತ್ತು. ಕಲಿಯದಿದ್ದರೆ ಅಪ್ಪ ಈ ಸಲವೂ ಬಿಟ್ಟುಹೋಗುತ್ತಾನೆ ಎಂಬ ಯೋಚನೆಗೆ ಊಟ ಸೇರುತ್ತಿರಲಿಲ್ಲ. ಎಳ್ಳಮಾಸಿ ಹಬ್ಬಕ್ಕೆ ಊರವರೆಲ್ಲ ಭಜ್ಜಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ನಾವಿಬ್ಬರೇ ಹೊಸ್ತಿಲಲ್ಲಿ ಕೂತು ಸಜ್ಜೆ ರೊಟ್ಟಿ ಮುರಿದೆವು, ಆಯಿ ಎಷ್ಟು ಒತ್ತಾಯ ಮಾಡಿದರೂ ನನಗೆ ಇಳಿಯಲಿಲ್ಲ.

ದಾರಿ ತೋರಿಸಿದ್ದು ಆಯಿಯ ಆಡು. ಅದು ಮೇಯಲು ಹೋದಲ್ಲಿ, ಕಾಲುವೆಯ ಆಚೆಯ ಬಾರೆಯ ಒಣ ದಿಬ್ಬದಲ್ಲಿ, ಅವಳಿ ಮರಿ ಹಾಕಿತು. ಅವತ್ತು ಬೆಳಗ್ಗೆ ನೀರು ನಿಲ್ಲಿಸಿದ್ದರಿಂದ ಕೆಂದಿಯನ್ನು ಕಾಲುವೆಯ ತಳದಲ್ಲಿಯೇ ನಡೆಸಿ ಆಚೆಗೆ ಮೇಯಲು ಬಿಟ್ಟಿದ್ದೆ. ಸಂಜೆಗೆ ಬಂದು ನೋಡಿದರೆ ಮತ್ತೆ ನೀರು ಬಿಟ್ಟಿದ್ದರು. ಸೇತುವೆಯೊಂದೇ ದಾರಿ. ಕಾಲು ನಿಲ್ಲದ ಎರಡು ಹಸಿ ಮರಿ, ಬೆದರುವ ಕುದುರೆ, ಮುಳುಗುವ ಹೊತ್ತು. ಅಳು ಬಂತು. ಕೆಂದಿಯ ಬೆನ್ನ ಮೇಲೆ ಹಸಿಬೆ ಇತ್ತು, ಎರಡೂ ಮಗ್ಗುಲಿಗೆ ಜೋತುಬೀಳುವ ಚೀಲ. ಬೇರೆ ಏನೂ ತೋಚದೆ ಆಚೆಗೊಂದು ಈಚೆಗೊಂದು ಮರಿ ಇಳಿಬಿಟ್ಟೆ. ಅವು ತಲೆ ಹೊರಹಾಕಿ ಮ್ಯಾ ಎಂದು ಒದರಿದವು.

ಕೆಂದಿ ಕತ್ತು ತಿರುಗಿಸಿ ಒಂದು ಮರಿಯನ್ನು ಮೂಸಿತು. ಆಮೇಲೆ ತಲೆ ತಗ್ಗಿಸಿ, ಒಂದೇ ಹದದಲ್ಲಿ ನಡೆಯಲು ಶುರುಮಾಡಿತು. ಹಿಂದೆ ಮರಿಗಳ ತಾಯಿ, ಪಕ್ಕದಲ್ಲಿ ನಾನು. ಸೇತುವೆ ಬಂತು. ಕೆಳಗೆ ನೀರು ಭೋರೆನ್ನುತ್ತಿತ್ತು. ನನ್ನ ಕಾಲು ನಿಂತವು, ಕೆಂದಿಯವು ನಿಲ್ಲಲಿಲ್ಲ. ಹಗ್ಗ ನನ್ನನ್ನೇ ಎಳೆದುಕೊಂಡು ಹೋಯಿತು.

ಅಪ್ಪ ಕೊಳ್ಳುವ ಮೊದಲು ಎಷ್ಟು ವರ್ಷ ಕುರಿಮರಿ ಹೊತ್ತಿತ್ತೋ ಏನೋ. ಮೈಮೇಲೆ ಮರಿ ಇದ್ದರೆ ಅದಕ್ಕೆ ತನ್ನ ಕೆಲಸ ಗೊತ್ತು. ಮರಿಯಿಲ್ಲದ ಬೆನ್ನೇ ಅದಕ್ಕೆ ಹೊಸದು. ನಾವು ನೀರಿಗೆ ಹೆದರುತ್ತದೆ ಎಂದುಕೊಂಡೆವು, ಹಾಸಿಗೆ ಬುಟ್ಟಿ ಹೇರಿದೆವು, ಒಂದು ಮರಿ ಹೇರಿ ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಹೊರಡುವ ಹೊತ್ತಿಗೆ ಕುರಿಗಳಿನ್ನೂ ಗಬ್ಬದಲ್ಲಿದ್ದವು.

ಮರುದಿನ ಹಸಿಬೆಯಲ್ಲಿ ಮರಿ ಇಟ್ಟು ನಡುವೆ ನಾನು ಕೂತೆ. ಮರಿಗಳು ಬೀಳದಂತೆ ಎರಡೂ ಕೈಯಿಂದ ಅವುಗಳ ಕತ್ತು ಹಿಡಿದುಕೊಂಡಿದ್ದರಿಂದ ನಾನು ಬೀಳುವ ಯೋಚನೆಗೆ ಪುರುಸೊತ್ತೇ ಸಿಗಲಿಲ್ಲ. ಓಣಿಯ ತುದಿಗೆ ಹೋಗಿ ತಿರುಗುವಾಗಲೇ ಗೊತ್ತಾದದ್ದು, ಹೆದರುವುದು ಮರೆತೇಹೋಗಿದೆ ಎಂದು. ಹೀಗೇ ದಿನಾಲೂ ನಡೆಯಿತು. ಮರಿಗಳು ಬೆಳೆದು ಹಸಿಬೆಯಲ್ಲಿ ಹಿಡಿಸದಾದಾಗ ಒಂದನ್ನು ಇಳಿಸಿದೆ, ಆಮೇಲೆ ಇನ್ನೊಂದನ್ನೂ. ಕೆಂದಿ ಒಮ್ಮೆ ತಿರುಗಿ ನನ್ನ ಮೊಣಕಾಲು ಮೂಸಿತು, ನಡೆಯಿತು. ಮರಿಯ ಜಾಗದಲ್ಲಿ ನನ್ನನ್ನು ಸೇರಿಸಿಕೊಂಡಿತ್ತು. ಬೆವರು, ಒಣಹುಲ್ಲು, ಕಂಬಳಿ ಬೆರೆತ ಅದರ ಕತ್ತಿನ ವಾಸನೆಯಲ್ಲಿ ಮುಖ ಇಟ್ಟು ಸೇತುವೆ ದಾಟಿದ ಸಂಜೆ ನನಗೆ ಯಾರೂ ಬೇಕಾಗಿರಲಿಲ್ಲ. ಯಾರೂ ಇರಲೂ ಇಲ್ಲ.

ಶಿವರಾತ್ರಿಯ ಹಿಂದಿನ ದಿನ ಅಪ್ಪ ಬಂದ. ಹೊಸ್ತಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದವನ ಮುಂದೆ ಕೆಂದಿಯನ್ನು ನಡೆಸಿಕೊಂಡು ಬಂದು ನಿಲ್ಲಿಸಿದೆ. ಇಳಿಯಲಿಲ್ಲ, ಸರಿಯಾಗಿ ನೋಡಲಿ ಎಂದು. ಅಪ್ಪ ಬಸಿ ಕೆಳಗಿಟ್ಟು ಎದ್ದು ಬಂದ. ಕುದುರೆಯ ಕಾಲು ಸವರಿದ, ಹಲ್ಲು ನೋಡಿದ.

“ಬೆದರೂದು ಬಿಟ್ಟಾದಲ್ಲ! ಮರಿ ಭಾಳ ಆಗ್ಯಾವ ನೀಲಿ, ಹೊರಾಕ ಕುದುರಿ ಇಲ್ದ ಜೀವ ಹೋಗಾಕತ್ತಿತ್ತು. ಚಲೋ ಕೆಲಸ ಮಾಡಿದಿ.”

ಖುಷಿಗೆ ನನಗೆ ನಿದ್ದೆ ಬರಲಿಲ್ಲ. ಹಬ್ಬದ ಮರುದಿನ ಬೆಳಗ್ಗೆ ಎರಡು ಲಂಗ, ಬಾಚಣಿಗೆ, ಆಯಿ ಕೊಟ್ಟ ಬೆಲ್ಲದ ಉಂಡೆ, ಎಲ್ಲ ಗಂಟು ಕಟ್ಟಿಕೊಂಡು ಅಂಗಳದಲ್ಲಿ ನಿಂತೆ.

ಅಪ್ಪ ಹಗ್ಗ ಬಿಚ್ಚುತ್ತಿದ್ದವನು ನೋಡಿದ. “ನೀ ಎಲ್ಲಿಗಿ?”

“ನಿನ್ನ ಕೂಡ. ಕುಂತು ತೋರಿಸಿದ್ರ ಕರಕೊಂಡು ಹೋಗ್ತೀನಿ ಅಂದಿದ್ದಿ.”

“ನಾ ಯಾವಾಗ ಅಂದಿದ್ದೆ?”

ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಹಣೆ ಗಂಟಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದ, ಸಿಗಲಿಲ್ಲ. ಪಕ್ಕದಲ್ಲೇ ನಿಂತಿದ್ದ ಆಯಿ, “ಅಳಾಕತ್ತಿದ್ದಿ ಅಂತ ಅಂದಿದ್ದಾನು, ಹುಚ್ಚಿ,” ಎಂದಳು. ಅಪ್ಪ ಬಂದು ನನ್ನ ತಲೆ ಸವರಿದ. “ಅಲ್ಲೇನದವಾ? ಬಯಲಾಗ ಮಲಗೂದು. ಇಲ್ಲಿ ಸಾಲಿ ಅದ, ಆಯಿ ಅದಾಳ.” ಅಷ್ಟು ಮೆತ್ತಗೆ ಹೇಳಿದ್ದರಿಂದ ನನಗೆ ಜಗಳ ಆಡಲೂ ಆಗಲಿಲ್ಲ.

ಅಪ್ಪ ಹೋದ ಸ್ವಲ್ಪ ಹೊತ್ತಿಗೆ ಸೇತುವೆಯ ಕಡೆಯಿಂದ ಕೂಗು ಕೇಳಿತು. ಹೋಗಿ ನೋಡಿದರೆ ಕೆಂದಿ ಸೇತುವೆಯ ಬಾಯಲ್ಲಿ ನಾಲ್ಕೂ ಕಾಲು ಊರಿ ನಿಂತಿದೆ. “ಬರವಲ್ದು ನೋಡ ನೀಲಿ, ಈ ಪೂಲ್ ಒಂದು ದಾಟಿಸಿ ಕೊಡು.” ನಾನು ಹತ್ತಿ ಕೂತೆ. ಕೆಂದಿ ಮೊಣಕಾಲು ಮೂಸಿತು, ನಡೆಯಿತು. ಆಚೆ ದಡದಲ್ಲಿ ಇಳಿದು ಹಗ್ಗವನ್ನು ಅಪ್ಪನ ಕೈಗೆ ಕೊಟ್ಟೆ. “ಇನ್ನ ಪೂಲ್ ಬಂದ್ರ ಬರಿಬೆನ್ನಿಲೆ ದಾಟಿಸಬ್ಯಾಡ, ಮರಿ ಕುಂದರಿಸು,” ಎಂದೆ. ವಾಪಸು ಒಬ್ಬಳೇ ಸೇತುವೆ ದಾಟುವಾಗ ಕೆಳಗಿನ ನೀರಿನ ಸದ್ದಿಗೆ ಹೆದರಿ ನಾನೇ ಸೇತುವೆಯ ಗೋಡೆ ಹಿಡಿದು ನಡೆದೆ.

ಕೆಂದಿ ಮುಂದಿನ ಮಳೆಗಾಲಕ್ಕೆ ತಿರುಗಿ ಬರಲಿಲ್ಲ, ಅಪ್ಪ ಅದನ್ನು ಆ ಕಡೆಯಲ್ಲೇ ಯಾರಿಗೋ ಕೊಟ್ಟಿದ್ದ. ಈಗ ನಾನಿರುವ ಶಹಾಪುರದ ರಸ್ತೆಯಲ್ಲಿ ಚಳಿಗಾಲಕ್ಕೆ ಹಿಂಡುಗಳು ಹಾಯುತ್ತವೆ, ಮರಿಗಳು ಟೆಂಪೋದಲ್ಲಿ ಹೋಗುತ್ತವೆ. ನಮ್ಮ ಓಣಿಯಲ್ಲಿ ಕುರಿ ಸಾಕುವವರು ಯಾರೂ ಉಳಿದಿಲ್ಲ. ಅದೆಲ್ಲ ಹೋದದ್ದಕ್ಕೆ ಬೇಸರವಿದೆ, ಆದರೆ ಅದಲ್ಲ ನಾನು ಕಳಕೊಂಡದ್ದು. ಹೇಳಿದವನಿಗೇ ನೆನಪಿಲ್ಲದ ಒಂದು ಮಾತನ್ನು ನೆಚ್ಚಿಕೊಂಡು ಚಳಿಗಾಲವಿಡೀ ಏಗಿದ ಹುಡುಗಿಯೊಬ್ಬಳಿದ್ದಳು, ಅವಳು ಮತ್ತೆ ಸಿಗಲಿಲ್ಲ. ಈಗಲೂ ಎಷ್ಟೋ ಜನ ಪ್ರೀತಿಯಿಂದಲೇ ಹೇಳುತ್ತಾರೆ, ಬರುತ್ತೇವೆ, ಕರೆದುಕೊಂಡು ಹೋಗುತ್ತೇವೆ ಎಂದು. “ಹೌದ್ರಿ, ಬರ್ರಿ,” ಎಂದು ನಗುತ್ತೇನೆ. ಗಂಟು ಮಾತ್ರ ಕಟ್ಟುವುದಿಲ್ಲ.