ತೀರ್ಪಿಲ್ಲದ ಕಡತ

ಕಾನೂನು ಓದಿದ ಮಕ್ಕಳನ್ನು ಸರ್ಕಾರಿ ವಕೀಲರ ಪರೀಕ್ಷೆಗೆ ತಯಾರು ಮಾಡುವುದರಲ್ಲಿ ಕಡತದ ಮೇಷ್ಟ್ರದು ಎತ್ತಿದ ಕೈ. ಮೂವತ್ತು ವರ್ಷ ಸರ್ಕಾರದ ಪರ ವಾದಿಸಿ ನಿವೃತ್ತರಾದ ಮೇಲೆ, ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು ಹಾಕಿಸಿ ಪಾಠ ಶುರು ಮಾಡಿದ್ದರು. ಪುಸ್ತಕ ಮುಟ್ಟುತ್ತಿರಲಿಲ್ಲ. ತಾವೇ ಗೆದ್ದ ಒಂದು ಕಳ್ಳತನದ ಕೇಸಿನ ಕಡತವನ್ನು ಜೆರಾಕ್ಸ್ ಮಾಡಿಸಿ ಹಂಚಿ, ಈ ಆರೋಪಿಯ ಮೇಲೆ ಮೊಕದ್ದಮೆ ನಡೆಸಬಹುದೋ ಬಾರದೋ ಬರೆಯಿರಿ ಎನ್ನುತ್ತಿದ್ದರು; ಅದಕ್ಕೇ ಆ ಹೆಸರು. ಕಡತದ ಮೊದಲ ಹಾಳೆಯೇ ತೀರ್ಪು: ಆರೋಪಿ ಬಡಗಿಗೆ ಐದು ವರ್ಷ ಜೈಲು. ಗೆದ್ದದ್ದನ್ನು ಮೇಲಿಡದೆ ಅಡಿಯಲ್ಲಿ ಬಚ್ಚಿಡುವ ವಕೀಲ ಎಲ್ಲಿದ್ದಾನೆ ಹೇಳಿ? ಹನ್ನೆರಡು ವರ್ಷದಲ್ಲಿ ಒಬ್ಬರೂ ‘ಬಾರದು’ ಎಂದು ಬರೆದಿರಲಿಲ್ಲ.

“ಕಿಟಕಿ ಗಾಜು ಒಡೆದು ಕಳ್ಳನ ಅಂಗೈ ಕೊಯ್ದಿತ್ತು. ಬಡಗಿ ಅಂಗೈಯೂ ಕೊಯ್ದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಪ್ಪಾ?” ಎಂದು ಅವರು ನಗಿಸುವುದು ಪ್ರತಿವರ್ಷದ ಪಾಠ. ಇದನ್ನು ಕೇಳಿ ಕೇಳಿ ನನ್ನ ಕಿವಿಯೇ ಹುಣ್ಣಾಯಿತು ಎಂದು ಹೆಂಡತಿ ಅಡುಗೆಮನೆಯಿಂದ ಗೊಣಗುವುದೂ ಅದರ ಜೊತೆಗೇ.

ಈ ಸಲ ಜೆರಾಕ್ಸ್ ಅಂಗಡಿಯವನು ಮೊದಲ ಹಾಳೆಯನ್ನೇ ಬಿಟ್ಟುಬಿಟ್ಟಿದ್ದ. ಮೇಷ್ಟ್ರು ಗಮನಿಸಲಿಲ್ಲ. ಹನ್ನೊಂದು ಉತ್ತರ ಬಂದವು, ಹನ್ನೊಂದರಲ್ಲೂ ‘ಬಾರದು’. ಒಬ್ಬರದನ್ನೊಬ್ಬರು ನೋಡಿ ಬರೆದಿದ್ದೀರಿ ಎಂದು ರೇಗಿದರು. ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು ಎರಡು ಹಾಳೆಗಳನ್ನು ಅವರ ಮುಂದೆ ಅಕ್ಕಪಕ್ಕ ಇಟ್ಟಳು.

“ಸರ್, ಕಳ್ಳನ ಬಲಗೈಯಿಂದ ರಕ್ತ ಸುರೀತಿತ್ತು ಅಂತ ಕಳ್ಳತನ ಆದ ಮನೆ ಅಜ್ಜಿ ಹೇಳಿದ್ದಾರೆ. ಮುಖ ಅವರು ನೋಡೇ ಇಲ್ಲ. ಡಾಕ್ಟರು ನೋಡಿದ್ರೆ ಬಡಗಿ ಗಾಯ ಎಡಗೈಲಿತ್ತು ಅಂತ ಬರೆದಿದ್ದಾರೆ. ಬೇರೆ ಸಾಕ್ಷಿನೇ ಇಲ್ವಲ್ಲ?”

ಮೇಷ್ಟ್ರು ಎರಡನ್ನೂ ಹತ್ತಿರಕ್ಕೆಳೆದುಕೊಂಡರು. ನಾಲ್ಕು ಸಲ ಓದಿದರು. ಬಲ, ಎಡ. ಎದುರು ವಕೀಲ ನೋಡಿರಲಿಲ್ಲ, ನ್ಯಾಯಾಧೀಶರು ನೋಡಿರಲಿಲ್ಲ. ಹನ್ನೆರಡು ವರ್ಷ ಅದನ್ನೇ ಪಾಠ ಹೇಳಿದ ತಾವೂ ನೋಡಿರಲಿಲ್ಲ. ಡಾಕ್ಟರು ಕೈತಪ್ಪಿ ಬರೆದಿರಬೇಕು ಎಂದರು. ಅದನ್ನು ಅವರೇ ನಂಬಲಿಲ್ಲ.

“ಆ ಬಡಗಿಗೆ ಕೊನೆಗೆ ಏನಾಯ್ತು ಸರ್?” ಹುಡುಗಿ ಕೇಳಿದಳು.

ನಾಳೆ ಹೇಳುತ್ತೇನೆಂದು ತರಗತಿ ಬಿಟ್ಟರು.

ಮರುದಿನ ಬೆಳಿಗ್ಗೆಯೇ ಕಡತದಲ್ಲಿದ್ದ ವಿಳಾಸ ಹಿಡಿದು ಬಡಗಿಯನ್ನು ಹುಡುಕಿಕೊಂಡು ಹೋದರು. ದಾರಿಯುದ್ದಕ್ಕೂ ಒಂದೇ ಆಸೆ: ಕಲೆ ಬಲಗೈಯಲ್ಲಿರಲಿ, ತಪ್ಪು ಡಾಕ್ಟರದಾಗಲಿ. ಬಡಗಿ ಅರ್ಧ ಮುಗಿದ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದ. ಕಂಡ ಕೂಡಲೇ ಗುರುತು ಹಿಡಿದ. ಬೈಯಲಿಲ್ಲ, ಸ್ಟೂಲು ಎಳೆದು ಕೊಟ್ಟ. ಮೇಷ್ಟ್ರು ಕೂರಲಾರದೆ, ಕೈ ತೋರಿಸು ಎಂದರು.

ಅವನು ಮರದ ಪುಡಿ ಒರೆಸಿಕೊಂಡು ಎರಡೂ ಕೈ ಚಾಚಿದ. ಬಲಗೈಯಲ್ಲಿ ಬರೀ ಜಡ್ಡು. ಎಡ ಅಂಗೈಯಲ್ಲಿ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬಿಳಿಯ ಗೆರೆ.

“ಉಳಿ ಜಾರಿ ಆಗಿದ್ದು ಸ್ವಾಮಿ. ಕಟಕಟೇಲಿ ನಾಲ್ಕು ದಿನ ಈ ಕಲೆ ಇಟ್ಕೊಂಡೇ ನಿಂತಿದ್ದೆ, ನಿಮ್ಮೆದುರಿಗೇ. ಯಾವ ಕೈ ಅಂತ ಯಾರೂ ಕೇಳ್ಲಿಲ್ಲ.”

ಮೇಷ್ಟ್ರು ಗಡಿಯಾರ ನೋಡಿಕೊಂಡರು. ಹತ್ತು ಗಂಟೆಗೆ ತರಗತಿಯಿತ್ತು, ಆ ಹುಡುಗಿಗೆ ಉತ್ತರ ಹೇಳಬೇಕಿತ್ತು.