ಥರ್ಮೋಸ್ಟಾಟ್ ಬಿಚ್ಚಿಸಿದವರು

ಮೊನ್ನೆ ಬೆಳಿಗ್ಗೆ ಕಾರಿನ ಮೇಲಿನ ಹೊದಿಕೆ ಸರಿಸಿದಾಗ ಸಿಹಿ ವಾಸನೆ ಬಂತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ಯಾರ ಮನ್ಯಾಗ ಹೋಳಿಗಿ ಮಾಡ್ಲಿಕತ್ತಾರ?" ಎಂದಳು. ಹೋಳಿಗೆಯಲ್ಲ, ಎಂಜಿನ್ ತಂಪು ಮಾಡುವ ಹಸಿರು ನೀರು, ಕೂಲಂಟ್. ಸೋರಿದರೆ ಥೇಟ್ ಬೆಲ್ಲದ ಪಾಕದ ವಾಸನೆ. ಈ ವಾಸನೆ ಬಂದಾಗಲೆಲ್ಲ ನನಗೆ ಶಹಾಬಾದಿನ ಗ್ಯಾರೇಜಿನ ಶರಣಪ್ಪ ಮಿಸ್ತ್ರಿ ನೆನಪಾಗುತ್ತಾರೆ, ಬೆನ್ನಿಗೇ ನಾಚಿಕೆಯೂ ಬರುತ್ತದೆ. ನಾಚಿಕೆ ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳಿ.

ನಾನು ಚಿತ್ತಾಪುರದಲ್ಲಿ ವಕೀಲ. ದಿನವೂ ಬಾಯಿ ಮಾಡಿಯೇ ಬದುಕಿದವನು. ನನ್ನಂಥವನ ಬಳಿ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಇರುವುದೇ ಒಂದು ತಮಾಷೆ. ವಾಡಿಯಲ್ಲಿದ್ದ ಒಬ್ಬ ಎಂಜಿನಿಯರ್ ವರ್ಗವಾಗಿ ಹೋಗುವಾಗ ಅದನ್ನು ಮಾರಿದರು. ನನಗೆ ಆಗ ಐವತ್ತು ದಾಟಿತ್ತು, ಬುದ್ಧಿ ದಾಟಿರಲಿಲ್ಲ. ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ ಕಕ್ಷಿದಾರರೆಲ್ಲ ಬಾಗಿ ನಿಂತು ನಮಸ್ಕಾರ ಹೇಳುತ್ತಿದ್ದರು. ಎಂಜಿನ್ ಬೆನ್ನ ಹಿಂದೆ, ನೀರು ತಂಪು ಮಾಡುವ ರೇಡಿಯೇಟರ್ ಮೂಗಿನಲ್ಲಿ. ನಡುವೆ ಉದ್ದನೆಯ ಪೈಪುಗಳು.

ನಮ್ಮ ಕಡೆ ಒಂದು ರೂಢಿಯಿದೆ. ಯಾವುದೇ ಗಾಡಿ ಕೊಂಡರೂ ಮೊದಲು ಗ್ಯಾರೇಜಿಗೆ ಒಯ್ದು ಥರ್ಮೋಸ್ಟಾಟ್ ಬಿಚ್ಚಿಸುವುದು. ಅದು ಎಂಜಿನ್ ಬಿಸಿಯಾಗುವ ತನಕ ತಣ್ಣೀರನ್ನು ತಡೆದು ನಿಲ್ಲಿಸುವ ಬಿಲ್ಲೆಯಂಥ ವಾಲ್ವ್. ಇಷ್ಟು ಬಿಸಿಲಿನ ನಾಡಿನಲ್ಲಿ ನೀರನ್ನು ತಡೆಯುವುದು ಯಾವ ಶಾಣ್ಯಾತನ ಎಂಬುದು ಸೇಡಂನಿಂದ ಚಿಂಚೋಳಿಯ ತನಕ ಎಲ್ಲರ ವಾದ. ಜೀಪು, ಟ್ರ್ಯಾಕ್ಟರು, ಟೆಂಪೊ, ಯಾವುದಕ್ಕೂ ವಿನಾಯಿತಿಯಿಲ್ಲ. ಶರಣಪ್ಪ ಮಿಸ್ತ್ರಿ ಮೂವತ್ತು ವರ್ಷ ಅದನ್ನೇ ಮಾಡಿದ್ದರು. ಆದರೆ ನನ್ನ ಕಾರಿನ ಕೆಳಗೆ ಮಲಗಿ ಪೈಪುಗಳನ್ನೆಲ್ಲ ಕೈಯಾಡಿಸಿ ನೋಡಿ ಹೊರಬಂದವರು ತಲೆ ಅಲ್ಲಾಡಿಸಿದರು.

"ಸಾಹೇಬ್ರ, ಇದು ಬ್ಯಾರೆ ನಮೂನಿ ಗಾಡಿ ಅದ. ಇದರಾಗ ಇರ್ಲಿ ಬಿಡ್ರಿ."

"ಏನ್ ಮಿಸ್ತ್ರಿ, ಊರ ಮಂದಿದೆಲ್ಲ ಬಿಚ್ತೀರಿ, ನನಗ ಅಷ್ಟ ಬ್ಯಾಡ ಅಂತೀರಿ! ಬಿಚ್ರಿ ಅಂದ್ರ ಬಿಚ್ರಿ" ಎಂದೆ. ವಕೀಲನ ದನಿಯಲ್ಲಿಯೇ ಅಂದೆ. ಅವರು ಎರಡನೆಯ ಮಾತಾಡದೆ ಬಿಚ್ಚಿದರು.

ಒಂದು ತಿಂಗಳಾಗಿರಲಿಲ್ಲ. ಚಿಂಚೋಳಿಯ ಒಂದು ಮದುವೆಗೆ ಹೊರಟವನು ಸೇಡಂ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಬಿಳಿ ಹೊಗೆ ಎದ್ದಿತು. ಕಾದ ಎಂಜಿನ್ನಿಗೆ ಮೂಗಿನ ಕಡೆಯ ತಣ್ಣೀರು ಒಮ್ಮೆಲೇ ನುಗ್ಗಿ ನುಗ್ಗಿ ಅದರ ಮೇಲಿನ ಮುಚ್ಚಳ, ಅಂದರೆ ಹೆಡ್, ಸೊಟ್ಟಾಗಿತ್ತು, ಅದರ ಕೆಳಗಿನ ಗ್ಯಾಸ್ಕೆಟ್ ಹೋಗಿತ್ತು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಶಹಾಬಾದಿಗೆ ತಂದಾಗ ಗ್ಯಾರೇಜಿನ ಮುಂದೆ ಮಂದಿ ಜಾತ್ರೆಯಂತೆ ಸೇರಿದರು. ಮಿಸ್ತ್ರಿಯ ಮಗ ಮಲ್ಲಿಕಾರ್ಜುನನೂ ಇದ್ದ. ಆಗ ಅಪ್ಪನ ಜೊತೆಗೇ ಕೆಲಸ ಮಾಡುತ್ತಿದ್ದ. "ಇಂಥ ಗಾಡಿದು ಯಾರ್ ಬಿಚ್ಚಂದ್ರು ನಿನಗ?" ಎಂದು ಎಲ್ಲರೆದುರು ಅಪ್ಪನನ್ನು ಕೇಳಿದ.

ಮಿಸ್ತ್ರಿ ನನ್ನ ಕಡೆ ನೋಡಲೂ ಇಲ್ಲ. "ನಂದ ತಪ್ಪು" ಎಂದರು.

ಓದುಗರೇ, ಬೇರೆಯವರ ಪರವಾಗಿ ಗಂಟೆಗಟ್ಟಲೆ ಮಾತಾಡುವ ನಾನು, ಒಂದು ವಾಕ್ಯ ಆಡಬೇಕಾದ ಕಡೆ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡೆ.

ಹೆಡ್ಡನ್ನು ತಿಕ್ಕಿಸಿ ಸಪಾಟು ಮಾಡಿಸಿದ್ದಾಯಿತು. ಇನ್ನೊಮ್ಮೆ ತಿಕ್ಕಲು ಅದರಲ್ಲಿ ದಪ್ಪವೇ ಉಳಿದಿಲ್ಲ ಎಂದರು ಮಿಸ್ತ್ರಿ. ಮತ್ತೆ ಹಾಗಾಗದಿರಲೆಂದು ಅಲ್ಲಿ ಇಲ್ಲಿ ವಿಚಾರಿಸಿ ನಾನು ಹೊರದೇಶದಿಂದ ಒಂದು ಸಾಮಾನು ತರಿಸಿದೆ. ಎಂಜಿನ್ನಿಗೆ ಅಂಟಿಕೊಂಡಿರುವ ಬದಲು ದೂರದಲ್ಲಿ, ಪೈಪಿನ ನಡುವೆ ಕೂರುವ ಥರ್ಮೋಸ್ಟಾಟ್. ಎಂಜಿನ್ನಿನಿಂದ ಹೊರಬಂದ ಬಿಸಿನೀರು, ರೇಡಿಯೇಟರಿನಿಂದ ಬಂದ ತಣ್ಣೀರು ಎರಡೂ ಅದರಲ್ಲಿ ಕೂಡುತ್ತವೆ. ಅದರ ನಕ್ಷೆಯನ್ನು ನಾನು ಅರ್ಧ ತಾಸು ವಿವರಿಸಿದೆ, ನನಗೇ ಗೊಂದಲವಾಯಿತು. ಮಿಸ್ತ್ರಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಅಯ್ಯ, ಜಳಕಕ್ಕ ನೀರ ಬೆರಸ್ದಂಗ ಅದ ಬಿಡ್ರಿ. ಹದ ಮಾಡಿ ಒಳಗ ಬಿಡ್ತದ."

ಪೈಪು ಕತ್ತರಿಸಿ, ಮೂರು ಬಾಯಿಯ ಜೋಡಣೆ ಕೂಡಿಸಿ, ಕ್ಲಿಪ್ಪು ಬಿಗಿದು, ಮುಂದಿನ ಗಾಲಿಗಳ ಕೆಳಗೆ ಪರಸಿ ಕಲ್ಲಿನ ಚಪ್ಪಡಿ ಒಟ್ಟಿ ಮೂಗು ಎತ್ತರಿಸಿ ನೀರಿನೊಳಗಿನ ಗಾಳಿ ತೆಗೆಯಲು ಅವರಿಗೆ ಎರಡು ದಿನ ಹಿಡಿಯಿತು. ಆಮೇಲೆ ನಾವಿಬ್ಬರೂ ಚಿಮ್ಮನಚೋಡದ ತನಕ ಹೋಗಿಬಂದೆವು. ನಾಲ್ಕು ಕಡೆ ನಿಲ್ಲಿಸಿ ಅವರು ಪೈಪು ಮುಟ್ಟಿ ನೋಡಿದರು. ಕಾರು ಸರಿಹೋಯಿತು. ಮಿಸ್ತ್ರಿಯ ಹೆಸರು ಮಾತ್ರ ಸರಿಹೋಗಲಿಲ್ಲ. ಹೊಸ ಗಾಡಿಯವರು ಅವರ ಕಡೆ ಬರುವುದು ನಿಂತಿತು. ಮಲ್ಲಿಕಾರ್ಜುನ, "ಅಪ್ಪಗ ಈಗಿನ ಗಾಡಿ ತಿಳಿಯಂಗಿಲ್ಲ" ಎಂದು ಸೇಡಂನಲ್ಲಿ ಬೇರೆ ಗ್ಯಾರೇಜು ಹಾಕಿದ. ಇದಾಗಿ ನಾಲ್ಕು ವರ್ಷ. ನಾನು ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಅಂತ ತಾರೀಖು ಮುಂದೂಡುತ್ತ ಬಂದೆ. ಅದು ನನಗೆ ರೂಢಿಯಾದ ಕೆಲಸವೇ.

ಮೊನ್ನೆ ಸೋರುವ ಕಾರು ತಗೊಂಡು ಹೋದಾಗ ಅವರೊಬ್ಬರೇ ಕೂತು ಹಳೆಯ ಸ್ಕೂಟರು ಬಿಚ್ಚುತ್ತಿದ್ದರು. ಒಂದು ಕ್ಲಿಪ್ಪು ಸಡಿಲಾಗಿತ್ತು, ಅಷ್ಟೇ. ಬಿಗಿದು ಕೈ ಒರೆಸಿಕೊಂಡರು. ಇನ್ನು ತಾರೀಖು ಬೇಡ ಎಂದುಕೊಂಡೆ.

"ಮಿಸ್ತ್ರಿ, ಅವತ್ತ ಬಿಚ್ರಿ ಅಂದವ ನಾ. ಮಂದಿ ಮುಂದ ಹೇಳಬೇಕಿತ್ತು."

ಅವರು ಕೈ ಒರೆಸಿದ ಬಟ್ಟೆಯನ್ನು ಸ್ಕೂಟರಿನ ಮೇಲೆ ಹಾಕಿದರು. "ಮಂದಿ ಏನಾರ ಅನ್ಕೊಳ್ಳಿ ಸಾಹೇಬ್ರ. ನನ್ನ ಮಗನ ಮುಂದ ಒಮ್ಮಿ ಹೇಳ್ತೀರೇನು?"

ಅಲ್ಲಿಂದಲೇ ಅವರನ್ನು ಕೂರಿಸಿಕೊಂಡು ಹೊರಟೆ. ಮಳಖೇಡ ಬರುವ ತನಕ ಮನಸ್ಸಿನಲ್ಲಿಯೇ ಮಾತು ಜೋಡಿಸಿದೆ, ಸೇಡಂ ಮುಟ್ಟುವಷ್ಟರಲ್ಲಿ ಎಲ್ಲ ಮರೆತೆ. ಮಲ್ಲಿಕಾರ್ಜುನನ ಗ್ಯಾರೇಜಿನಲ್ಲಿ ಐದಾರು ಗಿರಾಕಿಗಳಿದ್ದರು. ಅವರೆದುರಿಗೇ ಹೇಳಿದೆ. ನಿಮ್ಮಪ್ಪ ಬ್ಯಾಡ ಅಂದಿದ್ದರು, ಹಟ ಮಾಡಿ ಬಿಚ್ಚಿಸಿದವನು ನಾನು, ಆಮೇಲೆ ಬಾಯಿ ಮುಚ್ಚಿಕೊಂಡು ನಿಂತವನೂ ನಾನೇ.

ಮಲ್ಲಿಕಾರ್ಜುನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅಪ್ಪನ ಕಡೆ ತಿರುಗಿದ. "ನನಗರೆ ಹೇಳಬಾರದಿತ್ತೇನು, ಅಪ್ಪಾ?"

"ಗಿರಾಕಿ ಮ್ಯಾಲ ಹಾಕಿ ಹ್ಯಾಂಗ ಹೇಳ್ಲೋ? ಬಿಚ್ಚಿದ ಪಾನಾ ನನ್ನ ಕೈಯಾಗಿತ್ತು."

ಮಗನ ಬೆನ್ನ ಹಿಂದೆ ಬಾನೆಟ್ ತೆರೆದ ಒಂದು ಹೊಸ ಗಾಡಿ ನಿಂತಿತ್ತು. ಅವನು ಅಪ್ಪನ ಮೊಣಕೈ ಹಿಡಿದುಕೊಂಡ.

"ಬಾ, ಇದೊಂದು ಎರಡು ದಿನದಿಂದ ನನಗ ತಿಳೀವಲ್ದು. ಸ್ವಲ್ಪ ನೋಡು."

ಇಬ್ಬರೂ ಆ ಎಂಜಿನ್ನಿನ ಮೇಲೆ ಬಗ್ಗಿದರು. ನನಗೆ ಕುಂದ್ರಿ ಎಂದು ಯಾರೂ ಅನ್ನಲಿಲ್ಲ. ನಾನು ಬಿಸಿಲಿನಲ್ಲಿಯೇ ನಿಂತೆ.